ಬಡವನ ಭಾನುವಾರ

ಬೆಂಗಳೂರಿನಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಒಂದು ದಿನ ಹೊರಗೆ ಸುತ್ತಾಡಿ ಬರಬೇಕಾದರೆ ಎಷ್ಟು ದುಡ್ಡು ಬೇಕು? ಈ ಪ್ರಶ್ನೆಯನ್ನು ಒಂದು ರಾಜಕೀಯ ವಾರಪತ್ರಿಕೆಯಲ್ಲಿ ಎತ್ತಿದರೆ ನಮ್ಮ ಸಂಗಾತಿಗಳಲ್ಲೇ ಕೆಲವರು ಹುಬ್ಬೇರಿಸುವುದು ಖಂಡಿತ. ಬಗರ್‌ಹುಕುಂ ಅರ್ಜಿಗಳು ತಾಲ್ಲೂಕು ಕಚೇರಿಯಲ್ಲಿ ಕೊಳೆಯುತ್ತಿರುವಾಗ, ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದಿರುವಾಗ, ಶರಾವತಿ ಮುಳುಗಡೆಯ ಜನ ತಲೆಮಾರುಗಳಿಂದ ಹಕ್ಕುಪತ್ರಕ್ಕೆ ಅಲೆಯುತ್ತಿರುವಾಗ ವಿಹಾರದ ಮಾತೇಕೆ ಎಂದು ಅವರು ಕೇಳಿಯಾರು. ಕೇಳಲಿ. ಆದರೆ ನಮ್ಮ ಜಿಲ್ಲೆಯ ಯಾವ ಹಳ್ಳಿಗಾದರೂ ಹೋಗಿ ನೋಡಿರಿ. ಮನೆಗೊಬ್ಬರಂತೆ ಬೆಂಗಳೂರು ಸೇರಿದ್ದಾರೆ. ಗಾರ್ಮೆಂಟ್ಸಿನಲ್ಲಿ ಹೊಲಿಯುವವರು, ಸೆಕ್ಯುರಿಟಿ ಕೆಲಸದವರು, ಹೋಟೆಲಿನಲ್ಲಿ ದುಡಿಯುವವರು, ಇನ್ನೊಬ್ಬರ ಕಾರು ಓಡಿಸುವವರು, ಎಲ್ಲರೂ ನಮ್ಮವರೇ. ವಾರದ ಆರು ದಿನ ಅವರು ಹೇಗೆ ಬದುಕುತ್ತಾರೆಂಬುದನ್ನು ನಾವು ಆಗಾಗ ಬರೆದಿದ್ದೇವೆ. ಏಳನೆಯ ದಿನದ ವಿಚಾರ ಬರೆದಿಲ್ಲ.

ಆ ಏಳನೆಯ ದಿನವನ್ನು ಯಾವ ದೊರೆಯೂ ಇನಾಮಾಗಿ ಕೊಟ್ಟದ್ದಲ್ಲ. ಮುಂಬಯಿಯ ಗಿರಣಿಗಳಲ್ಲಿ ಕೂಲಿಕಾರರು ವಾರವೆಲ್ಲ ದುಡಿಯುತ್ತಿದ್ದ ಕಾಲದಲ್ಲಿ ಜ್ಯೋತಿಬಾ ಫುಲೆಯವರ ಒಡನಾಡಿಯಾಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಸಭೆ ಸೇರಿಸಿ, ಮನವಿ ಬರೆದು, ಹೋರಾಡಿದ ಮೇಲೆ 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಇಂದು ಬೆಂಗಳೂರಿನಲ್ಲಿ ಐದು ದಿನದ ವಾರವನ್ನು ಅನುಭವಿಸುವ ಕಂಪ್ಯೂಟರ್ ಕಚೇರಿಯ ತರುಣರಿಗೆ ಲೋಖಂಡೆಯವರ ಹೆಸರು ಗೊತ್ತಿರಲಾರದು. ಅದರಲ್ಲಿ ಅವರ ತಪ್ಪಿಲ್ಲ. ನಮ್ಮ ಪಠ್ಯಪುಸ್ತಕ ಬರೆಯುವವರಿಗೂ ಅದು ಬೇಕಾಗಿಲ್ಲ.

ಹೀಗೆ ಪಡೆದ ರಜೆಯನ್ನು ಇಂದಿನ ಕೂಲಿಕಾರ ಏನು ಮಾಡುತ್ತಾನೆ? ಕಳೆದ ಸಲ ಬೆಂಗಳೂರಿಗೆ ಹೋದಾಗ ಲಗ್ಗೆರೆಯಲ್ಲಿ ನಮ್ಮ ಕಡೆಯದೊಂದು ಸಂಸಾರದಲ್ಲಿ ಎರಡು ದಿನ ಉಳಿದಿದ್ದೆವು. ಗಂಡ ಗೋದಾಮಿನಲ್ಲಿ, ಹೆಂಡತಿ ಗಾರ್ಮೆಂಟ್ಸಿನಲ್ಲಿ. ಒಂಬತ್ತು ವರ್ಷದ ಹುಡುಗ, ನಾಲ್ಕು ವರ್ಷದ ಹುಡುಗಿ, ಗಂಡನ ತಾಯಿ. ಒಂದು ಕೋಣೆ, ಒಂದು ಅಡುಗೆಮನೆ. ಭಾನುವಾರ ಬೆಳಿಗ್ಗೆ ಹುಡುಗ ಮಾಲಿಗೆ ಹೋಗೋಣವೆಂದು ಹಟ ಹಿಡಿದ. ಬಟ್ಟೆ ಒಗೆಯುತ್ತಿದ್ದ ತಾಯಿ ಕೈ ನಿಲ್ಲಿಸದೆ ಹೇಳಿದಳು: “ಅಲ್ಲಿಗೆ ಹೋದ್ರೆ ಇವ್ರು ಅದು ಬೇಕು ಇದು ಬೇಕು ಅಂತಾರೆ ಮಾವ. ಇಲ್ಲ ಅನ್ನಕ್ಕೆ ಅಂತ ಅಷ್ಟು ದೂರ ಯಾಕೆ ಹೋಗ್ಬೇಕು? ಇಲ್ಲೇ ಅಂದ್ರಾಯ್ತಲ್ಲ.”

ಲೋಹಿಯಾ ಅವರು 1963ರಲ್ಲಿ ಲೋಕಸಭೆಯಲ್ಲಿ ನಿಂತು ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಲೆಕ್ಕ ಒಪ್ಪಿಸಿದರು. ಸರ್ಕಾರದವರು ಹದಿನೈದಾಣೆ ಎಂದು ವಾದಿಸಿದರು. ಆ ಚರ್ಚೆಯಿಂದ ನಾವು ಕಲಿಯಬೇಕಾದ ಪಾಠವೆಂದರೆ ಬಡವನ ವಿಚಾರವನ್ನು ಗಾಳಿಯಲ್ಲಿ ಆಡದೆ ಪೈಸೆಯ ಲೆಕ್ಕದಲ್ಲಿ ಆಡಬೇಕೆಂಬುದು. ಆದ್ದರಿಂದ ಲಗ್ಗೆರೆಯ ಆ ಮನೆಯ ಜಗಲಿಯಲ್ಲಿ ಕೂತು ನಾವೂ ಒಂದು ಲೆಕ್ಕ ಹಾಕಿದೆವು.

ಮಲ್ಟಿಪ್ಲೆಕ್ಸಿನಲ್ಲಿ ತಲೆಗೆ 300 ರೂಪಾಯಿಯೆಂದು ಹಿಡಿದರೂ ಚಿಕ್ಕವಳನ್ನು ಬಿಟ್ಟು ನಾಲ್ವರಿಗೆ 1200. ಒಳಗೆ ಮಾರುವ ಜೋಳದ ಅರಳಿನ ಬೆಲೆಯನ್ನು ಇಲ್ಲಿ ಬರೆದರೆ ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳ ಬೆಳೆಯುವ ರೈತರು ಓದಿ ನಗುತ್ತಾರೋ ಅಳುತ್ತಾರೋ ತಿಳಿಯದು. ಹೋಗಿಬರುವ ಖರ್ಚು, ಒಂದು ಹೊತ್ತಿನ ಊಟ ಸೇರಿದರೆ 2000 ರೂಪಾಯಿ ಮುಟ್ಟುತ್ತದೆ. ಮನೆ ಬಾಡಿಗೆ, ಶಾಲೆಯ ಫೀಜು, ಚೀಟಿ ಕಟ್ಟಿ ತಿಂಗಳ ಕೊನೆಗೆ ಅಷ್ಟು ಉಳಿದರೆ ಅದೇ ಹಬ್ಬ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಸಿನೆಮಾ ಟಿಕೆಟ್ಟಿಗೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು. ಆ ತಿಂಗಳು ಮುಗಿಯುವುದರೊಳಗೆ ಮಲ್ಟಿಪ್ಲೆಕ್ಸಿನವರೂ ಚಿತ್ರ ತೆಗೆಯುವವರೂ ಹೈಕೋರ್ಟಿಗೆ ಹೋಗಿ ಆಜ್ಞೆಗೆ ತಡೆ ತಂದರು. ಹಿಂದೆ ಕೆಂಪೇಗೌಡ ರಸ್ತೆಯಲ್ಲಿ ಸಾಲಾಗಿ ಟಾಕೀಸುಗಳಿದ್ದವು. ಗಾಂಧಿಕ್ಲಾಸು, ಬಾಲ್ಕನಿ ಎಂಬ ಭೇದ ಅಲ್ಲೂ ಇತ್ತು, ನಿಜ. ಆದರೆ ಗಾಂಧಿಕ್ಲಾಸಿನವನೂ ಅದೇ ಚಿತ್ರವನ್ನು ಅದೇ ದಿನ ನೋಡುತ್ತಿದ್ದ. ಈಗ ಆ ಟಾಕೀಸುಗಳಲ್ಲಿ ಹಲವು ನೆಲಸಮವಾಗಿವೆ.

ದುಡ್ಡಿನ ಮಾತು ಒಂದು ಕಡೆ. ಮಾನದ ಮಾತು ಇನ್ನೊಂದು. 2024ರ ಜುಲೈನಲ್ಲಿ ಹಾವೇರಿ ಕಡೆಯ ರೈತರೊಬ್ಬರನ್ನು ಮಗ ಸಿನೆಮಾ ತೋರಿಸಲೆಂದು ಮಾಗಡಿ ರಸ್ತೆಯ ಮಾಲೊಂದಕ್ಕೆ ಕರೆದುಕೊಂಡು ಹೋದ. ಕೈಯಲ್ಲಿ ಟಿಕೆಟ್ಟಿತ್ತು. ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ ತಲೆಯ ಮೇಲೆ ಗಂಟು ಹೊತ್ತ ರೈತನೊಬ್ಬನನ್ನು ತಡೆದರು. ಜೊತೆಯ ಪ್ರಯಾಣಿಕರು ಜಗಳ ತೆಗೆದ ಮೇಲೆ ಆತ ರೈಲು ಹತ್ತಿದ. ಎರಡೂ ಸಂಗತಿಗಳು ಪತ್ರಿಕೆಗಳಲ್ಲಿ ಬಂದವು, ಸರ್ಕಾರ ಮಾಲನ್ನು ಏಳು ದಿನ ಮುಚ್ಚಿಸಿತು, ಮೆಟ್ರೋದವರು ಒಬ್ಬ ನೌಕರನನ್ನು ತೆಗೆದುಹಾಕಿದರು. ಬಾಗಿಲಲ್ಲಿ ನಿಂತು ತಡೆದವನೂ ಬಡವನೇ, ಕೆಲಸ ಕಳೆದುಕೊಳ್ಳುವವನೂ ಬಡವನೇ ಎಂಬುದು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಪಂಚೆಯವನು ಒಳಗೆ ಬರಬಾರದೆಂಬ ಭಾವನೆಯನ್ನು ಆ ಕಾವಲುಗಾರ ತನ್ನ ಹಳ್ಳಿಯಿಂದ ತಂದಿರಲಿಲ್ಲ.

ಹಾಗಾದರೆ ಬಡವನಿಗೆ ಬೆಂಗಳೂರಿನಲ್ಲಿ ಹೋಗಲು ಜಾಗವೇ ಇಲ್ಲವೆ? ಇದೆ, ಮತ್ತು ಬಹಳ ಇದೆ. ಇದನ್ನು ಗಟ್ಟಿಯಾಗಿ ಹೇಳಲೆಂದೇ ನಾವು ಈ ಲೇಖನಕ್ಕೆ ಕೈಹಾಕಿದ್ದು. ಮಾಲಿನವರ ಜಾಹೀರಾತಿನ ಗದ್ದಲದಲ್ಲಿ ಜನರದೇ ಆಸ್ತಿಯ ವಿಳಾಸ ಜನಕ್ಕೆ ಮರೆತುಹೋಗಿದೆ.

ಆ ಭಾನುವಾರ ನಾವೆಲ್ಲ ಹೊರಟದ್ದು ಕಬ್ಬನ್ ಪಾರ್ಕಿಗೆ. ಮೊದಲು ಬಸ್ಸಿನ ಲೆಕ್ಕ ನೋಡಿರಿ. 2023ರ ಜೂನ್ 11ರಿಂದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲ. ಆದ್ದರಿಂದ ಹೆಂಡತಿ, ಅತ್ತೆ ಇಬ್ಬರಿಗೂ ದುಡ್ಡಿಲ್ಲ. ಚಿಕ್ಕ ಹುಡುಗಿಗೆ ಹೇಗೂ ಇಲ್ಲ. ಹುಡುಗನಿಗೆ ಅರ್ಧ, ಗಂಡನಿಗೆ ಒಂದು. ಐದು ಜನರ ಸಂಸಾರಕ್ಕೆ ಒಂದೂವರೆ ಟಿಕೆಟ್ಟು! 2025ರ ಜನವರಿಯಲ್ಲಿ ಬಸ್ಸಿನ ದರವನ್ನು ನೂರಕ್ಕೆ ಹದಿನೈದರಂತೆ ಏರಿಸಿದ್ದರೂ ಹೋಗಿಬರುವ ಖರ್ಚು ನೂರು ರೂಪಾಯಿಯ ಆಸುಪಾಸಿನಲ್ಲಿ ಮುಗಿಯಿತು. ಶಕ್ತಿ ಯೋಜನೆಯನ್ನು ಮತದ ಲಂಚವೆಂದು ಜರೆಯುವ ಮಹನೀಯರು ಒಂದು ಭಾನುವಾರ ಮಧ್ಯಾಹ್ನ ಮೆಜೆಸ್ಟಿಕ್ಕಿನಲ್ಲಿ ನಿಲ್ಲಬೇಕು. ಹಿಂದೆ ಗಂಡ ಒಬ್ಬನೇ ಊರು ಸುತ್ತಿ ಬರುತ್ತಿದ್ದ. ಈಗ ಹೆಂಡತಿ, ಮುದುಕಿ, ಮಕ್ಕಳು ಎಲ್ಲರೂ ಹೊರಟಿದ್ದಾರೆ. ಸರ್ಕಾರವನ್ನು ಹೊಗಳುವ ಅಭ್ಯಾಸ ನಮಗಿಲ್ಲ. ಆದರೆ ಕಂಡದ್ದನ್ನು ಹೇಳಲೇಬೇಕು. ಕಾಣದಿದ್ದದ್ದನ್ನೂ ಹೇಳಬೇಕು: ಈ ಸೌಲಭ್ಯ ಕರ್ನಾಟಕದ ನಿವಾಸಿಗಳೆಂದು ಗುರುತುಚೀಟಿ ತೋರಿಸುವವರಿಗೆ ಮಾತ್ರ. ಲಗ್ಗೆರೆಯಲ್ಲೇ ಪಕ್ಕದ ವಠಾರದಲ್ಲಿ ಒಡಿಶಾದ ಹೆಣ್ಣುಮಕ್ಕಳಿದ್ದಾರೆ. ಅದೇ ಕಾರ್ಖಾನೆ, ಅದೇ ಮಿಷನ್ನು, ಅದೇ ಬಸ್ಸು. ಅವರು ಪೂರ್ತಿ ಟಿಕೆಟ್ಟು ಕೊಡಬೇಕು.

ಮೆಟ್ರೋ ರೈಲಿನಲ್ಲಿ ಹೋಗಿದ್ದರೆ ಹೊತ್ತು ಉಳಿಯುತ್ತಿತ್ತು. 2025ರ ಫೆಬ್ರವರಿಯಲ್ಲಿ ಅದರ ಗರಿಷ್ಠ ದರವನ್ನು 60ರಿಂದ 90 ರೂಪಾಯಿಗೆ ಒಯ್ದರು. ಜನ ಕೂಗಾಡಿದ ಮೇಲೆ ಕೆಲವು ಹಂತಗಳಲ್ಲಿ ಸ್ವಲ್ಪ ಇಳಿಸಿದರು. ಒಬ್ಬೊಬ್ಬರೇ ಕೆಲಸಕ್ಕೆ ಹೋಗುವವರಿಗೆ ಅದು ಹೇಗೋ ಸರಿ. ಸಂಸಾರದೊಡನೆ ಹೊರಟವನಿಗೆ ಸರಿಯಲ್ಲ. ಭಾನುವಾರದ ಮಟ್ಟಿಗಾದರೂ ಒಂದು ಸಂಸಾರಕ್ಕೆ ಒಂದು ಟಿಕೆಟ್ಟು ಎಂಬ ಪದ್ಧತಿ ತರುವುದರಿಂದ ಅರ್ಧ ಖಾಲಿ ಓಡುವ ರೈಲಿಗೆ ನಷ್ಟವೇನು?

ಕಬ್ಬನ್ ಪಾರ್ಕು 1870ರಲ್ಲಿ ಆದದ್ದು. ಒಳಗೆ ಹೋಗಲು ಕಾಸಿಲ್ಲ. ಭಾನುವಾರ ಒಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ನಾಲ್ಕು ವರ್ಷದ ಹುಡುಗಿ ರಸ್ತೆಯ ನಡುವೆ ಓಡಿದ್ದನ್ನು ಕಂಡು ಅವಳ ಅಜ್ಜಿ ಎರಡು ಸಲ ಕಿರಿಚಿಕೊಂಡಳು. ಕಾರು ಬರುವುದಿಲ್ಲವೆಂದು ನಂಬಿಕೆ ಬರಲು ಅರ್ಧ ಗಂಟೆ ಹಿಡಿಯಿತು. ಬೆಂಗಳೂರಿನ ಮಗುವಿಗೆ ರಸ್ತೆಯಲ್ಲಿ ಓಡುವುದೇ ಒಂದು ವಿಹಾರ. ಬಿದಿರಿನ ಮೆಳೆಯ ಕೆಳಗೆ ಅವಳ ತಾಯಿ ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ಮೊಸರನ್ನ ಬಿಚ್ಚಿದೆವು. ಅದೇ ಉದ್ಯಾನದಲ್ಲಿ 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ಕೇಂದ್ರ ಗ್ರಂಥಾಲಯವಿದೆ, ಮಕ್ಕಳಿಗೆಂದು ಬೇರೆ ಗ್ರಂಥಾಲಯವೂ ಇದೆ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಶಾಸನದ ಕಥೆಯನ್ನು ನಾವು ಹುಡುಗನಿಗೆ ಹೇಳಿದೆವು. ಹತ್ತನೆಯ ಶತಮಾನದ ಕಲ್ಲು. ಮಣಲೇರನೆಂಬ ವೀರ ದೊರೆಯಿಂದ ಬೇರೇನೂ ಕೇಳದೆ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಮಾಲಿನ ಹಟ ಹುಡುಗನಿಗೆ ಆ ಮೇಲೆ ನೆನಪಾಗಲಿಲ್ಲ. ನಮ್ಮ ಲಗ್ಗೆರೆಯಲ್ಲೂ ಅಂಥ ನಾಯಿ ಇದೆಯೆಂದು ಅವನದು ಒಂದೇ ವರಸೆ.

ಈ ಉದ್ಯಾನ ಉಳಿದದ್ದೂ ಸುಮ್ಮನೆ ಅಲ್ಲ. 1975ರಲ್ಲಿ ಸರ್ಕಾರಿ ಉದ್ಯಾನಗಳ ರಕ್ಷಣೆಗೆ ಕಾಯ್ದೆ ಬಂತು. 1998ರಲ್ಲಿ ಸರ್ಕಾರವೇ ಕಬ್ಬನ್ ಪಾರ್ಕಿನ ಒಂದು ಭಾಗವನ್ನು ಆ ರಕ್ಷಣೆಯಿಂದ ಹೊರಗಿಡಲು ಹೊರಟಾಗ ನಗರದ ಜನ ಬೀದಿಗಿಳಿದರು. ಆಗ ಮುಖ್ಯಮಂತ್ರಿಯಾಗಿದ್ದವರು ಜೆ. ಎಚ್. ಪಟೇಲರು, ನಮ್ಮ ಪಾಳಯದಲ್ಲೇ ಬೆಳೆದವರು. ಇದನ್ನು ಬರೆಯಲು ನಮಗೆ ಸಂತೋಷವಿಲ್ಲ.

ಲಾಲ್‌ಬಾಗಿನ ವಿಚಾರ ಬೇರೆ. ಹೈದರಾಲಿ 1760ರಲ್ಲಿ ಆರಂಭಿಸಿದ ಆ ತೋಟಕ್ಕೆ ಟಿಕೆಟ್ಟು ಉಂಟು, ಮತ್ತು ಈಚಿನ ವರ್ಷಗಳಲ್ಲಿ ಅದನ್ನು ಮತ್ತೆ ಮತ್ತೆ ಏರಿಸಿದ್ದಾರೆ. ಬೆಳಗಿನ ಹೊತ್ತು ವಾಯುವಿಹಾರಕ್ಕೆ ಬರುವವರಿಗೆ ಮಾತ್ರ ಪುಕ್ಕಟೆ. ಇದರ ಅರ್ಥವೇನು? ಬೆಳಗಿನ ಆರು ಗಂಟೆಗೆ ಲಾಲ್‌ಬಾಗಿನಲ್ಲಿರಬಲ್ಲವರು ಯಾರು? ಬಸವನಗುಡಿ, ಜಯನಗರದಲ್ಲಿ ಸ್ವಂತ ಮನೆಯಿರುವವರು. ಲಗ್ಗೆರೆಯಿಂದಲೋ ಬೊಮ್ಮನಹಳ್ಳಿಯಿಂದಲೋ ಬಟ್ಟೆ ಒಗೆದು, ಅಡುಗೆ ಮಾಡಿ, ಮಕ್ಕಳ ತಲೆ ಬಾಚಿ, ಎರಡು ಬಸ್ಸು ಬದಲಿಸಿ ಬರುವವರು ಗೇಟು ಮುಟ್ಟುವಾಗ ಹನ್ನೊಂದು ಗಂಟೆ. ಇದ್ದವರಿಗೆ ಪುಕ್ಕಟೆ, ಇಲ್ಲದವರಿಗೆ ಟಿಕೆಟ್ಟು! ಯಾರೂ ಬೇಕೆಂದು ಮಾಡಿದ ಅನ್ಯಾಯ ಇದಲ್ಲ. ಆದರೆ ಗಡಿಯಾರ ನೋಡಿ ನಿಯಮ ಬರೆಯುವ ಅಧಿಕಾರಿಗೆ ಎರಡು ಬಸ್ಸು ಬದಲಿಸಿದ ಅನುಭವವಿಲ್ಲ. ಭಾನುವಾರದ ಮಧ್ಯಾಹ್ನ ಲಾಲ್‌ಬಾಗಿಗೆ ಟಿಕೆಟ್ಟಿರಬಾರದು. ಅಲ್ಲಿ ನಡುವೆ ಬಿದ್ದಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದನ್ನು ಹತ್ತಿ ಇಳಿಯುವ ಮಕ್ಕಳಿಂದ ಕಾಸು ವಸೂಲು ಮಾಡಿಯೇ ತೋಟಗಾರಿಕೆ ಇಲಾಖೆ ಬದುಕಬೇಕೆ?

ಸ್ವಾತಂತ್ರ್ಯ ಉದ್ಯಾನವನ್ನು ಮಾತ್ರ ನಮ್ಮವರು ತಪ್ಪಿಸಬಾರದು. ಅದು ಹಿಂದಿನ ಸೆಂಟ್ರಲ್ ಜೈಲು, 2008ರಲ್ಲಿ ಉದ್ಯಾನವಾಯಿತು. ತುರ್ತುಪರಿಸ್ಥಿತಿ ಘೋಷಣೆಯಾದಾಗ ಬೆಂಗಳೂರಿನಲ್ಲಿದ್ದ ಮಧು ದಂಡವತೆಯವರನ್ನು ಹಿಡಿದು ಈ ಜೈಲಿಗೆ ತಂದರು. ಲೋಹಿಯಾ ವಿಚಾರವನ್ನು ಉಸಿರಾಡಿದ ಸ್ನೇಹಲತಾ ರೆಡ್ಡಿಯವರು ಅಸ್ತಮಾದಿಂದ ನರಳುತ್ತ ಇಲ್ಲಿಯೇ ತಿಂಗಳುಗಟ್ಟಲೆ ಇದ್ದು, ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು. ಹಳೆಯ ಕಾವಲುಗೋಪುರ, ಬ್ಯಾರಕ್ಕು ಈಗಲೂ ಇವೆ. ಮಕ್ಕಳಿಗೆ ಜೈಲು ತೋರಿಸುವುದೆ ಎಂದು ಮುದುಕಿ ಮುಖ ಕಿವಿಚಿದಳು. ಕಥೆ ಕೇಳಿದ ಮೇಲೆ ಅವಳೇ ಚಪ್ಪಲಿ ಬಿಟ್ಟು ಒಳಗೆ ನಡೆದಳು. ನಗರದಲ್ಲಿ ಪ್ರತಿಭಟನೆ ಮಾಡುವವರೆಲ್ಲ ಇದೊಂದೇ ಜಾಗಕ್ಕೆ ಬರಬೇಕೆಂದು ಸರ್ಕಾರ ಕಟ್ಟುಮಾಡಿದೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇವೆ.

ಇವಲ್ಲದೆ ಬೆಂಗಳೂರಿಗೆ ತನ್ನದೇ ಹಬ್ಬಗಳಿವೆ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಒಂದು ಸೇರು ಕಡಲೆಕಾಯಿ ಕೊಂಡು ಐದು ಜನ ಮೂರು ಗಂಟೆ ನಡೆದಾಡಬಹುದು. ಸೋಮವಾರ ಕಾರ್ಖಾನೆಗೆ ರಜೆಯಿಲ್ಲವೆಂಬುದೊಂದು ತೊಡಕು. ಈಚೆಗೆ ಪರಿಷೆ ಹಿಂದುಮುಂದಿನ ದಿನಗಳಿಗೂ ಹಬ್ಬಿಕೊಂಡಿರುವುದು ದುಡಿಯುವವರಿಗೆ ಅನುಕೂಲವೇ ಆಗಿದೆ. ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ತಿಗಳರ ಕರಗ ಹೊರಟು ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿಬರುತ್ತದೆ. ಮನುಷ್ಯ ಮನುಷ್ಯನ ನಡುವೆ ಗೋಡೆ ಕಟ್ಟುವವರ ಭಾಷಣ ಕೇಳಿ ಬೆಳೆಯುವ ಮಕ್ಕಳಿಗೆ ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಬೇಕು. ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ; 2003ರಿಂದ ನಡೆಯುತ್ತಿದೆ. ಕುಮಾರಕೃಪಾ ರಸ್ತೆಯುದ್ದಕ್ಕೂ ಕಲಾವಿದರು ಚಿತ್ರ ಹರಡಿಕೊಂಡು ಕೂರುತ್ತಾರೆ, ನೋಡಲು ಯಾರ ಅಪ್ಪಣೆಯೂ ಬೇಡ. ರವೀಂದ್ರ ಕಲಾಕ್ಷೇತ್ರದಲ್ಲಿ ಕನ್ನಡ ನಾಟಕವನ್ನು ಮಾಲಿನ ಸಿನೆಮಾಕ್ಕಿಂತ ಎಷ್ಟೋ ಕಡಿಮೆಗೆ ನೋಡಬಹುದು. ನೆಹರೂ ತಾರಾಲಯದಲ್ಲಿ ಕನ್ನಡದ ಪ್ರದರ್ಶನವೂ ಉಂಟು. ಹಸಿವಾದರೆ ಇಂದಿರಾ ಕ್ಯಾಂಟೀನಿದೆ. 2017ರಲ್ಲಿ ಆರಂಭವಾದದ್ದು, 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ.

ಇಷ್ಟೆಲ್ಲ ಇದ್ದೂ ಲಗ್ಗೆರೆಯ ಆ ಹೆಣ್ಣುಮಗಳು ಬೆಂಗಳೂರಿಗೆ ಬಂದು ಎಂಟು ವರ್ಷವಾದರೂ ಚಿತ್ರಸಂತೆಯ ಹೆಸರು ಕೇಳಿರಲಿಲ್ಲ. ಯಾರು ಹೇಳಬೇಕು? ಇಂಥ ಕಾರ್ಯಕ್ರಮಗಳ ಸುದ್ದಿ ಹೆಚ್ಚಾಗಿ ಇಂಗ್ಲಿಷಿನಲ್ಲಿ ಹರಿದಾಡುತ್ತದೆ, ಇಂಗ್ಲಿಷ್ ಬಲ್ಲವರ ಮೊಬೈಲಿಗೆ ತಲುಪುತ್ತದೆ. ಪುಕ್ಕಟೆಯದು ಕೂಡ ಹೀಗೆ ದುಡ್ಡಿದ್ದವರಿಗೇ ಮೊದಲು ಸಿಗುತ್ತದೆ. ರೇಷನ್ ಅಂಗಡಿಯ ಗೋಡೆಗೆ, ಗಾರ್ಮೆಂಟ್ಸಿನ ಗೇಟಿಗೆ, ಬಸ್ ನಿಲ್ದಾಣಕ್ಕೆ ಕನ್ನಡದಲ್ಲೊಂದು ಚೀಟಿ ಅಂಟಿಸಲು ಎಷ್ಟು ಖರ್ಚಾಗುತ್ತದೆ? ಮನೆ ಕಂದಾಯದ ಜೊತೆಗೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. 1965ರ ಕಾಯ್ದೆಯ ಪ್ರಕಾರ ಅದು ಗ್ರಂಥಾಲಯಗಳಿಗೆ ಸಲ್ಲಬೇಕು. ಮಹಾನಗರಪಾಲಿಕೆ ಅದನ್ನು ವರ್ಷಗಟ್ಟಲೆ ಬಾಕಿ ಉಳಿಸಿಕೊಂಡದ್ದು ವಿಧಾನಸೌಧದಲ್ಲಿ ಎಲ್ಲರಿಗೂ ಗೊತ್ತು. ಬಾಡಿಗೆದಾರನೂ ಬಾಡಿಗೆಯ ರೂಪದಲ್ಲಿ ಆ ಕರ ತೆತ್ತಿರುತ್ತಾನೆ.

ಬಡಾವಣೆಯ ಸಣ್ಣ ಪಾರ್ಕುಗಳ ಕಥೆ ಇನ್ನೂ ವಿಚಿತ್ರ. 2024ರ ವರೆಗೆ ಪಾಲಿಕೆಯ ಪಾರ್ಕುಗಳಿಗೆ ಹಗಲು ಬೀಗ. ಆ ವರ್ಷ ಬೆಳಿಗ್ಗೆ 5ರಿಂದ ರಾತ್ರಿ 10ರ ವರೆಗೆ ತೆರೆದಿಡಬೇಕೆಂದು ಆಜ್ಞೆಯಾಯಿತು. ಒಳ್ಳೆಯದೇ. ಆದರೆ ಅದೇ ವರ್ಷ ಇಂದಿರಾನಗರದ ಪಾರ್ಕೊಂದರಲ್ಲಿ ಓಡಬಾರದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ನಡೆಯಬೇಕು ಎಂದು ಫಲಕ ಹಾಕಿದ್ದೂ ಸುದ್ದಿಯಾಯಿತು. ನಡೆಯುವುದಕ್ಕೂ ಶಿಸ್ತು ಕಲಿಸಲು ಹೊರಟವರಿಗೆ ಮಕ್ಕಳ ಗದ್ದಲ ಹೇಗೆ ಸಹನೆಯಾದೀತು? ಇದನ್ನೆಲ್ಲ ಕೇಳಲು ಜನ ಆರಿಸಿದ ಸದಸ್ಯನಾದರೂ ಇರಬೇಡವೆ? 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಐದು ವರ್ಷ ಆಡಳಿತಾಧಿಕಾರಿಗಳೇ ಆಳಿದರು. 2025ರ ಸೆಪ್ಟೆಂಬರಿನಲ್ಲಿ ಚುನಾವಣೆಗೆ ಬದಲಾಗಿ ಪಾಲಿಕೆಯನ್ನೇ ಐದಾಗಿ ಒಡೆದರು.

ಎಲ್ಲಕ್ಕಿಂತ ಮೊದಲಿನ ಪ್ರಶ್ನೆ ಹೊತ್ತಿನದು. ಭಾನುವಾರ ಇದ್ದರೆ ತಾನೆ ಪಾರ್ಕು? 2023ರ ಫೆಬ್ರವರಿಯಲ್ಲಿ ಆಗಿನ ಬಿಜೆಪಿ ಸರ್ಕಾರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯ ದುಡಿತಕ್ಕೆ ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆಯಿದ್ದ ಓವರ್‌ಟೈಮಿನ ಮಿತಿಯನ್ನು 144ಕ್ಕೆ ಏರಿಸಿತು. 2025ರಲ್ಲಿ ಕಾಂಗ್ರೆಸ್ ಸರ್ಕಾರ ಅಂಗಡಿ ಮತ್ತು ಕಚೇರಿಗಳ ನೌಕರರಿಗೆ ದಿನಕ್ಕೆ 10 ಗಂಟೆ ಮಾಡುವ ಮಾತೆತ್ತಿತು. ಕಾಗದದ ಮೇಲೆ ವಾರಕ್ಕೆ 48 ಗಂಟೆ ಹಾಗೆಯೇ ಉಳಿದಿದೆಯೆಂದು ಇಬ್ಬರೂ ಸಮಾಧಾನ ಹೇಳುತ್ತಾರೆ. 12 ಗಂಟೆ ಹೊಲಿದ ಹೆಂಗಸು ರಜೆಯ ದಿನ ಮಾಡುವ ಮೊದಲ ಕೆಲಸ ನಿದ್ದೆ, ಎರಡನೆಯದು ಬಟ್ಟೆ ಒಗೆಯುವುದು. ಅಷ್ಟರಲ್ಲಿ ಸಂಜೆ.

ಒಂದು ಸಣ್ಣ ಮಾತು ಉಳಿದಿದೆ. ಆ ಮನೆಯ ಮುದುಕಿ ಹೊರಗೆ ಹೊರಟ ದಿನ ಬೆಳಗಿನಿಂದ ನೀರು ಕುಡಿಯುವುದಿಲ್ಲ. ಮೊಸರನ್ನ ತಿಂದಳು, ನೀರು ಮುಟ್ಟಲಿಲ್ಲ. ಯಾಕಜ್ಜಿ ಎಂದರೆ ಮೊದಲು ಹೇಳಲಿಲ್ಲ. ಆ ಮೇಲೆ ಸೊಸೆಯೇ ಹೇಳಿದಳು: “ನಾನೂ ಕುಡಿಯಲ್ಲ ಮಾವ. ಗಂಡಸ್ರು ಎಲ್ಲಾದ್ರೂ ನಿಂತ್ಕೋತೀರಿ, ನಾವೆಲ್ಲಿಗೆ ಹೋಗದು?” ಬಸ್ಸು ಪುಕ್ಕಟೆ, ತೋಟ ಪುಕ್ಕಟೆ, ಬೆಳದಿಂಗಳು ಪುಕ್ಕಟೆ. ಶೌಚಾಲಯ ಹುಡುಕಬೇಕು, ಸಿಕ್ಕರೆ ಬಹಳ ಕಡೆ ಕಾಸು ಕೊಡಬೇಕು, ಕೊಟ್ಟರೂ ಒಳಗೆ ಕಾಲಿಡುವಂತಿರುವುದಿಲ್ಲ. ಸಾವಿರಾರು ಕೋಟಿಯ ಸುರಂಗರಸ್ತೆಗಳ ನಕ್ಷೆ ಬಿಡಿಸುವ ನಗರದಲ್ಲಿ ಹೆಂಗಸರು ವಿಹಾರಕ್ಕೆ ಹೊರಟ ದಿನ ಬಾಯಾರಿಕೊಂಡೇ ಇರಬೇಕು.

ನಗರ ಪಾಲಿಕೆಗಳಿಗೆ ಮತ ಕೇಳುವ ದಿನ ಬಂದಾಗ ನಮ್ಮ ಪಕ್ಷದ ಬೆಂಗಳೂರು ಶಾಖೆ ಈ ಒಂದು ಬೇಡಿಕೆಯನ್ನು ಮೊದಲ ಸಾಲಿನಲ್ಲೇ ಬರೆಯಬೇಕೆಂದು ನಾವು ಪತ್ರ ಹಾಕಿದ್ದೇವೆ: ಪ್ರತಿ ಉದ್ಯಾನದಲ್ಲಿ, ಪ್ರತಿ ದೊಡ್ಡ ಬಸ್ ನಿಲ್ದಾಣದಲ್ಲಿ ಹೆಂಗಸರಿಗೆ ಕಾಸಿಲ್ಲದ, ನೀರಿರುವ, ಚಿಲಕ ಬೀಳುವ ಶೌಚಾಲಯ. ಆಮೇಲೆ ಲಾಲ್‌ಬಾಗಿನ ಟಿಕೆಟ್ಟು, ಮೆಟ್ರೋದ ಸಂಸಾರ ಟಿಕೆಟ್ಟು, ಒಡಿಶಾದ ಹೆಣ್ಣುಮಕ್ಕಳ ಬಸ್ಸಿನ ವಿಚಾರ. ಶಾಖೆಯವರ ಉತ್ತರ ಇನ್ನೂ ಬಂದಿಲ್ಲ. ಬಂದೊಡನೆ ಪ್ರಕಟಿಸುತ್ತೇವೆ.